ಕಿವಿ ಹೇಳಿದ್ದನ್ನು ನಂಬಬೇಡಿ

"ಬಡ್ಡಿ ಹಾಲಿ ಹಿಮಬಿರುಗಾಳಿಗೆ ಸಿಕ್ಕಿ ಸತ್ತದ್ದಲ್ವಾ ಸರ್?" ವಿಮಾನ ಹಾರಿಸಲು ಕಲಿಸುವ ನನ್ನನ್ನು ಬ್ಯಾಚಿಗೊಬ್ಬನಾದರೂ ಹೀಗೆ ಕೇಳುತ್ತಾನೆ. ಸಣ್ಣ ವಿಮಾನ ಬಿದ್ದು ಸತ್ತ ಅಮೆರಿಕದ ರಾಕ್ ಗಾಯಕನ ಮಾತದು. ಇನ್ನೊಬ್ಬ ವಿಮಾನ ಬಿದ್ದ ಹೊಲದಲ್ಲಿ ಸಿಕ್ಕ ಪಿಸ್ತೂಲಿನ ಕಥೆ ತೆಗೆಯುತ್ತಾನೆ, ಒಳಗೇ ಗುಂಡು ಹಾರಿತ್ತಂತೆ. ಮತ್ತೊಬ್ಬನಿಗೆ ಎಲ್ಲವೂ ಹಣೆಬರಹ: ಜೊತೆಗೇ ಸತ್ತ ಗಾಯಕ ರಿಚಿ ವ್ಯಾಲೆನ್ಸ್ ನಾಣ್ಯ ಚಿಮ್ಮಿ ಆ ವಿಮಾನದ ಸೀಟು ಗೆದ್ದಿದ್ದನಲ್ಲ! 17 ವರ್ಷದ ಹುಡುಗ. ನೆನೆದರೆ ನನಗೂ ಸಂಕಟವಾಗುತ್ತದೆ, ಆದರೆ ವಿಮಾನ ಬಿದ್ದದ್ದು ನಾಣ್ಯದಿಂದಲ್ಲ.

1959ರ ಫೆಬ್ರವರಿ 3, ರಾತ್ರಿ ಒಂದು ಗಂಟೆಗೆ ಐದು ನಿಮಿಷ ಮುಂಚೆ ಅಮೆರಿಕದ ಅಯೋವಾ ರಾಜ್ಯದ ಮೇಸನ್ ಸಿಟಿಯಿಂದ ಆ ಬೊನಾಂಜಾ ವಿಮಾನ ಹೊರಟಾಗ ಬಿರುಗಾಳಿ ಇರಲಿಲ್ಲ. ಗಾಳಿ ಜೋರಾಗಿತ್ತು, ಸ್ವಲ್ಪ ಹಿಮ ಉದುರುತ್ತಿತ್ತು, 6 ಮೈಲಿವರೆಗೆ ಕಾಣುತ್ತಿತ್ತು. "ಅಷ್ಟು ಕಾಣ್ತಿದ್ರೆ ಸಾಕಲ್ವಾ ಸರ್?" ನನಗೆ ರೇಗುವುದೇ ಇಲ್ಲಿ. ಕಾಣುವುದಾದರೂ ಏನು? ದೀಪ ಕಂಡರೆ ದಿಗಂತ ಕಂಡಂತಲ್ಲ. ದೀಪಗಳೇ ವಿರಳವಾದ ಹೊಲಗಳ ಮೇಲೆ, ನಕ್ಷತ್ರವಿಲ್ಲದ ರಾತ್ರಿಯಲ್ಲಿ, ನೆಲ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಆಗ ಯಾವ ಕಡೆ ತಿರುಗುತ್ತಿದ್ದೇವೆಂದು ಕಿವಿಯೊಳಗಿನ ದ್ರವ ಹೇಳಿದ್ದೇ ವೇದವಾಗುತ್ತದೆ.

ಆ ದ್ರವದ ಯೋಗ್ಯತೆ ತೋರಿಸಲು ನನ್ನ ಹತ್ತಿರ ಒಂದು ತಿರುಗುವ ಕುರ್ಚಿಯಿದೆ, ಕಿರ್ ಕಿರ್ ಎನ್ನುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿ, ತಿರುಗುವ ದಿಕ್ಕನ್ನು ಹೆಬ್ಬೆರಳಿನಲ್ಲಿ ತೋರಿಸಲು ಹೇಳುತ್ತೇನೆ. ಹೋದ ವರ್ಷ ಒಬ್ಬ "ನಂಗೆ ಹಾಗೆಲ್ಲ ಆಗಲ್ಲ ಸರ್" ಎಂದೇ ಕೂತ. ಒಂದೇ ವೇಗದಲ್ಲಿ ಬಲಕ್ಕೆ ತಿರುಗಿಸುತ್ತಾ ಹೋದೆ. ಅರ್ಧ ನಿಮಿಷದೊಳಗೆ ಹೆಬ್ಬೆರಳು ನೆಟ್ಟಗಾಯಿತು: ನಿಂತಿದೆಯಂತೆ! ಕುರ್ಚಿ ಹಿಡಿದು ನಿಲ್ಲಿಸಿದೆ. ಹೆಬ್ಬೆರಳು ಎಡಕ್ಕೆ ವಾಲಿತು. ಉಳಿದವರು ನಗುತ್ತಿದ್ದರು, ಇವನು ಮಾತ್ರ "ಯಾಕ್ ಸರ್ ಈ ಕಡೆ ತಿರುಗಿಸ್ತಿದೀರಾ?" ಎನ್ನುತ್ತಿದ್ದ.

ಇದಕ್ಕೇ ಮುಂದಿನ ಮೀಟರುಗಳನ್ನಷ್ಟೇ ನಂಬಿ ಹಾರಿಸುವುದನ್ನು ಬೇರೆಯಾಗಿ ಕಲಿಸುವುದು. ಆ ರಾತ್ರಿಯ ಪೈಲಟ್ ರೋಜರ್ ಪೀಟರ್ಸನ್, 21 ವರ್ಷ, ಆ ಪರೀಕ್ಷೆ ಪಾಸಾಗಿರಲಿಲ್ಲ. ಸಾಲದ್ದಕ್ಕೆ, ಅವನು ಕಲಿತ ಹೊರೈಜನ್, ಅಂದರೆ ವಿಮಾನ ವಾಲಿದ್ದು, ಏರಿದ್ದು, ಇಳಿದದ್ದನ್ನು ತೋರಿಸುವ ಮೀಟರು, ಒಂದು ಥರ; ಅದೇ ಕೆಲಸಕ್ಕೆ ಆ ವಿಮಾನದಲ್ಲಿದ್ದ ಸ್ಪೆರಿ ಗೈರೊ ಇನ್ನೊಂದು ಥರ. ವಾಲುವಿಕೆಯನ್ನು ಎರಡೂ ಒಂದೇ ರೀತಿ ತೋರಿಸುತ್ತವೆ, ಮೂತಿ ಏರಿದ್ದು ಇಳಿದದ್ದನ್ನು ಮಾತ್ರ ತದ್ವಿರುದ್ಧವಾಗಿ. ಇಳಿಯುತ್ತಿದ್ದಾಗ ಏರುತ್ತಿದ್ದೇನೆಂದು ಅವನು ತಿಳಿದಿರಬಹುದು ಎಂದಿತು ತನಿಖೆ. 'ಬಹುದು' ಅಷ್ಟೇ, ನಾನೂ ಅದಕ್ಕಿಂತ ಮುಂದೆ ಹೋಗಲಾರೆ. ಹವಾಮಾನ ಹದಗೆಡುತ್ತಿದೆ ಎಂಬ ಎರಡು ಎಚ್ಚರಿಕೆಗಳನ್ನೂ ಯಾರೂ ಅವನಿಗೆ ತಲುಪಿಸಿರಲಿಲ್ಲ. ಹುಡುಗನನ್ನು ಬೈಯಲು ಬಾಯಿ ಬರುವುದಿಲ್ಲ.

ವಿಮಾನದ ಮಾಲೀಕ ನೆಲದಲ್ಲೇ ನಿಂತು ನೋಡುತ್ತಿದ್ದ. ಬಾಲದ ದೀಪ ಏರಿತು, ತಿರುಗಿತು, ಆಮೇಲೆ ನಿಧಾನವಾಗಿ ಇಳಿಯುತ್ತಾ ಕಣ್ಮರೆಯಾಯಿತು. ಬೆಳಗ್ಗೆ ಇನ್ನೊಂದು ವಿಮಾನ ಹತ್ತಿ ಹುಡುಕಿದವನೂ ಅವನೇ. ಹೊರಟ ಜಾಗದಿಂದ 6 ಮೈಲಿಯೊಳಗೇ, ಹೊಲದ ತಂತಿಬೇಲಿಗೆ ಒರಗಿ ಬಿದ್ದಿತ್ತು.