ಪ್ಲೇಗ್ ಬ್ಯಾಕ್ಟೀರಿಯಾ ಯಾವ ಮನೆತನದ್ದು?

ಹತ್ತು ಹದಿನೈದು ವರ್ಷದ ಹಿಂದೆ ಮೈಕ್ರೋಬಯಾಲಜಿ ಓದಿದವರನ್ನು ಕೇಳಿ ನೋಡಿ, ಥಟ್ಟನೆ ಉತ್ತರ ಬರುತ್ತದೆ: ಎಂಟರೋಬ್ಯಾಕ್ಟೀರಿಯೇಸಿ. ಕರುಳಿನಲ್ಲಿರುವ ಇ. ಕೋಲಿ, ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ, ನ್ಯುಮೋನಿಯಾ ತರುವ ಕ್ಲೆಬ್ಸಿಯೆಲ್ಲಾ ಎಲ್ಲವೂ ಆ ಕುಟುಂಬದವೇ. ಪ್ಲೇಗಿನ ಯೆರ್ಸಿನಿಯಾ ಪೆಸ್ಟಿಸ್ ಕೂಡ ಅಲ್ಲೇ ಇತ್ತು. 2016ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ರಾಧೇ ಗುಪ್ತಾ ಅವರ ತಂಡ ಈ ಕೂಡುಕುಟುಂಬವನ್ನು ಏಳು ಪಾಲು ಮಾಡಿತು. ಯೆರ್ಸಿನಿಯಾ ಈಗ ಯೆರ್ಸಿನಿಯೇಸಿ ಎಂಬ ಬೇರೆ ಮನೆಯ ಹಿರಿಯ.

ಪಾಲು ಮಾಡಲು ಆಧಾರವಾಗಿದ್ದು ಜೀನೋಮ್, ಅಂದರೆ ಬ್ಯಾಕ್ಟೀರಿಯಾದ ಪೂರ್ತಿ ಡಿಎನ್‌ಎ ಅಕ್ಷರಮಾಲೆ. ಇಷ್ಟು ಮಾಹಿತಿ ಕೈಗೆ ಸಿಕ್ಕ ಮೇಲೆ ಜಗಳ ಮುಗಿಯಬೇಕಿತ್ತು ಅಲ್ವಾ? ಮುಗಿದಿಲ್ಲ. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಮೊದಲು ಆಕಾರ ನೋಡಿಯೇ ವಿಂಗಡಣೆ. 1872ರಲ್ಲಿ ಫರ್ಡಿನಾಂಡ್ ಕೋನ್ ಗುಂಡಗಿನವು, ಕಡ್ಡಿಯಂಥವು, ಸುರುಳಿಯಂಥವು ಅಂತ ಬೇರ್ಪಡಿಸಿದರು. 1884ರಲ್ಲಿ ಗ್ರಾಮ್ ಅವರ ಬಣ್ಣದ ವಿಧಾನ ಬಂತು: ಬಣ್ಣ ಹಿಡಿದಿಟ್ಟುಕೊಂಡವು ಗ್ರಾಮ್ ಪಾಸಿಟಿವ್, ಬಿಟ್ಟುಕೊಟ್ಟವು ಗ್ರಾಮ್ ನೆಗೆಟಿವ್. ಆದರೆ ಗ್ರಾಮ್ ನೆಗೆಟಿವ್ ಕಡ್ಡಿಗಳು ಲೆಕ್ಕವಿಲ್ಲದಷ್ಟಿವೆ. ನೋಟದಲ್ಲಿ ಎಲ್ಲ ಒಂದೇ. ಹಾಗಾಗಿ ಅವು ಏನು ತಿನ್ನುತ್ತವೆ, ತಿಂದು ಏನು ಬಿಡುತ್ತವೆ ಅಂತ ಪರೀಕ್ಷೆ ಮಾಡುವುದು ರೂಢಿಗೆ ಬಂತು.

ಲ್ಯಾಬಿನಲ್ಲಿ ಇಂದಿಗೂ ಬಳಸುವ ಯೂರಿಯಾ ಟ್ಯೂಬನ್ನೇ ತೆಗೆದುಕೊಳ್ಳಿ. ಅದರಲ್ಲಿ ಯೂರಿಯಾ ಇರುತ್ತದೆ, ಜೊತೆಗೆ ಫೀನಾಲ್ ರೆಡ್ ಎಂಬ ಬಣ್ಣ. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಹಾಕಿದರೆ ಅದು ಯೂರಿಯಾ ಒಡೆದು ಅಮೋನಿಯಾ ಮಾಡುತ್ತದೆ, ಕೆಲವೇ ಗಂಟೆಯಲ್ಲಿ ಟ್ಯೂಬು ಢಾಳಾದ ಗುಲಾಬಿ. ಸಾಮಾನ್ಯ ಇ. ಕೋಲಿ ಹಾಕಿದರೆ ಹಳದಿ ಹಳದಿಯಾಗೇ ಇರುತ್ತದೆ. ಇಂಥ ಪರೀಕ್ಷೆಗಳ ಕಾಲದಲ್ಲೇ, 1937ರಲ್ಲಿ, ಒಟ್ಟೊ ರಾನ್ ಎಂಟರೋಬ್ಯಾಕ್ಟೀರಿಯೇಸಿ ಕುಟುಂಬಕ್ಕೆ ಹೆಸರಿಟ್ಟರು. ಗ್ರಾಮ್ ನೆಗೆಟಿವ್ ಕಡ್ಡಿ, ಗ್ಲೂಕೋಸ್ ಹುದುಗಿಸಬೇಕು, ಆಕ್ಸಿಡೇಸ್ ಎಂಬ ಕಿಣ್ವದ ಪರೀಕ್ಷೆಯಲ್ಲಿ ನೆಗೆಟಿವ್ ಬರಬೇಕು. ಹೆಚ್ಚೂಕಮ್ಮಿ ಇಷ್ಟೇ ಮುಂದೆ ಆ ಕುಟುಂಬದ ಗುರುತಾಯಿತು.

ರೋಗಿಯ ಮೂತ್ರದಲ್ಲಿ ಯಾವುದು ಸಿಕ್ಕಿತು ಅಂತ ಹಿಡಿಯಲು ಇದು ಬೇಕಾದಷ್ಟಾಯಿತು. ಆದರೆ ಯಾರು ಯಾರಿಗೆ ರಕ್ತಸಂಬಂಧಿ ಅಂತ ಹೇಳಲು ಸಾಲದು. ಯೂರಿಯಾ ಒಡೆಯುವಂಥ ಜೀನು ಪಕ್ಕದ ಇನ್ಯಾವುದೋ ಬ್ಯಾಕ್ಟೀರಿಯಾದಿಂದಲೂ ಬಂದಿರಬಹುದು. ಬ್ಯಾಕ್ಟೀರಿಯಾಗಳು ಜೀನನ್ನು ಮಕ್ಕಳಿಗಷ್ಟೇ ಅಲ್ಲ, ಪಕ್ಕದವರಿಗೂ ದಾಟಿಸುತ್ತವೆ. 1962ರ ಹೊತ್ತಿಗೆ ರೋಜರ್ ಸ್ಟೇನಿಯರ್, ವಾನ್ ನೀಲ್ ಅವರಂಥ ಘಟಾನುಘಟಿಗಳೇ ಬ್ಯಾಕ್ಟೀರಿಯಾಗಳ ವಂಶವೃಕ್ಷ ಬರೆಯುವ ಆಸೆ ಬಿಟ್ಟಿದ್ದರು.

ಆಮೇಲೆ ಡಿಎನ್‌ಎಯನ್ನೇ ಹೋಲಿಸಿ ನೋಡುವ ದಾರಿ ಸಿಕ್ಕಿತು. ಎರಡು ಬ್ಯಾಕ್ಟೀರಿಯಾಗಳ ಡಿಎನ್‌ಎ ಬಿಸಿ ಮಾಡಿ ಎಳೆ ಬಿಡಿಸಬೇಕು, ಬೆರೆಸಬೇಕು, ತಣಿಸಬೇಕು. ಒಂದರ ಎಳೆ ಇನ್ನೊಂದರ ಎಳೆಗೆ ಎಷ್ಟು ಅಂಟಿಕೊಂಡಿತು ಅಂತ ಅಳೆಯಬೇಕು. 1987ರಲ್ಲಿ ತಜ್ಞರ ಸಮಿತಿಯೊಂದು ಶೇ. 70 ಅಥವಾ ಹೆಚ್ಚು ಅಂಟಿಕೊಂಡರೆ ಒಂದೇ ಪ್ರಭೇದ ಅಂತ ಗೆರೆ ಎಳೆಯಿತು. ಆದರೆ ಪ್ರತಿ ಜೋಡಿಗೂ ಹೊಸದಾಗಿ ಪ್ರಯೋಗ ಮಾಡಬೇಕು. ಅದೇ ದೊಡ್ಡ ತಲೆನೋವು.

ಇದೇ ವಿಧಾನದಿಂದ ಪ್ಲೇಗಿನ ವಿಷಯದಲ್ಲಿ ಒಂದು ತಮಾಷೆಯೂ ನಡೆಯಿತು. ಯೆರ್ಸಿನಿಯಾ ಪೆಸ್ಟಿಸ್ ಮತ್ತು ಅಷ್ಟೇನೂ ಅಪಾಯವಿಲ್ಲದ ಯೆರ್ಸಿನಿಯಾ ಸ್ಯೂಡೋಟ್ಯೂಬರ್ಕ್ಯುಲೋಸಿಸ್ ಎರಡೂ ಒಂದೇ ಪ್ರಭೇದ ಅಂತ ಗೊತ್ತಾಯಿತು. ನಿಯಮದ ಪ್ರಕಾರ ಪ್ಲೇಗ್ ಬ್ಯಾಕ್ಟೀರಿಯಾ ಆ ಎರಡನೆಯದರ ಉಪಪ್ರಭೇದ ಆಗಬೇಕು. 1985ರಲ್ಲಿ ಬ್ಯಾಕ್ಟೀರಿಯಾ ಹೆಸರುಗಳ ತಕರಾರು ತೀರ್ಮಾನಿಸುವ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆ ಹೊಸ ಹೆಸರನ್ನು ತಳ್ಳಿಹಾಕಿತು. ಕಾರಣ ಸರಳ. ಲ್ಯಾಬಿನಲ್ಲಿ ಯಾರಾದರೂ ಹೆಸರು ನೋಡಿ ಮೋಸ ಹೋದರೆ ಜೀವಕ್ಕೇ ಕುತ್ತು. ಇ. ಕೋಲಿ ಮತ್ತು ಭೇದಿ ತರುವ ಶಿಗೆಲ್ಲಾ ಕೂಡ ಡಿಎನ್‌ಎ ಲೆಕ್ಕದಲ್ಲಿ ಒಂದೇ. ಅವೂ ವೈದ್ಯರ ಅನುಕೂಲಕ್ಕಾಗಿ ಎರಡು ಹೆಸರಿನಲ್ಲೇ ಉಳಿದಿವೆ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೂಸ್ ಬೇರೆ ದಾರಿ ಹಿಡಿದಿದ್ದರು. ಎಲ್ಲ ಜೀವಿಗಳಲ್ಲೂ ಪ್ರೋಟೀನ್ ತಯಾರಿಸುವ ರೈಬೋಸೋಮ್ ಇದೆ. ಅದರ ಒಂದು ಭಾಗವಾದ 16ಎಸ್ ಆರ್‌ಎನ್‌ಎ ತುಂಬ ನಿಧಾನವಾಗಿ ಬದಲಾಗುತ್ತದೆ. ಅದನ್ನೇ ಹೋಲಿಸಿ 1977ರಲ್ಲಿ ವೂಸ್ ಮತ್ತು ಜಾರ್ಜ್ ಫಾಕ್ಸ್, ಬ್ಯಾಕ್ಟೀರಿಯಾ ಅಂತ ಅಂದುಕೊಂಡಿದ್ದ ಒಂದು ಗುಂಪು ಬ್ಯಾಕ್ಟೀರಿಯಾವೇ ಅಲ್ಲ ಎಂದು ತೋರಿಸಿದರು. ಅವೇ ಇಂದಿನ ಆರ್ಕಿಯಾ. ದೂರದ ಸಂಬಂಧ ಹುಡುಕಲು 16ಎಸ್‌ಗೆ ಸಾಟಿ ಇರಲಿಲ್ಲ. ಹತ್ತಿರದ ಸಂಬಂಧಕ್ಕೆ ಬಂದಾಗ ಅದು ಕೈಕೊಟ್ಟಿತು. ಇ. ಕೋಲಿಯ 16ಎಸ್ ಉದ್ದ 1,542 ಅಕ್ಷರ. ಇಡೀ ಜೀನೋಮ್ ಸುಮಾರು 46 ಲಕ್ಷ. ಅಂದರೆ ಮೂರು ಸಾವಿರದಲ್ಲಿ ಒಂದು ಪಾಲು. ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಆ ಒಂದು ಪಾಲು ಎಷ್ಟು ಹೋಲುತ್ತದೆ ಅಂದರೆ, ಮರದ ಕೊಂಬೆಗಳು ಲೆಕ್ಕ ಮಾಡಿದಾಗಲೆಲ್ಲ ಜಾಗ ಬದಲಿಸುತ್ತಿದ್ದವು.

1995ರಲ್ಲಿ ಹೀಮೋಫಿಲಸ್ ಇನ್‌ಫ್ಲುಯೆಂಜೆಯ 18.3 ಲಕ್ಷ ಅಕ್ಷರಗಳ ಜೀನೋಮ್ ಪೂರ್ತಿಯಾಗಿ ಓದಲಾಯಿತು. ಅದೇ ಮೊದಲ ಬ್ಯಾಕ್ಟೀರಿಯಾ ಜೀನೋಮ್. ಹತ್ತು ವರ್ಷದೊಳಗೆ ಅಂಟಿಸುವ ಪ್ರಯೋಗದ ಕೆಲಸವನ್ನು ಕಂಪ್ಯೂಟರ್ ವಹಿಸಿಕೊಂಡಿತು. ಒಂದು ಜೀನೋಮನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿನ ಜೋಡಿಯನ್ನು ಇನ್ನೊಂದರಲ್ಲಿ ಹುಡುಕಿ, ಹೋಲಿಕೆಯ ಸರಾಸರಿ ತೆಗೆಯುವುದು. ಹಳೆಯ ಶೇ. 70ಕ್ಕೆ ಸರಿಸಮವಾಗಿ ಇಲ್ಲಿ ಶೇ. 95ರ ಆಸುಪಾಸು ಬರುತ್ತದೆ ಎಂದು ಕಾನ್‌ಸ್ಟಾಂಟಿನಿಡಿಸ್ ಮತ್ತು ಟೀಡ್ಯೆ 2005ರಲ್ಲಿ ತೋರಿಸಿದರು. ಪ್ರಭೇದದ ಮಟ್ಟದಲ್ಲಿ ಇದು ಚೆನ್ನಾಗಿಯೇ ನಡೆಯುತ್ತಿದೆ.

ಕುಟುಂಬಕ್ಕೆ ಬಂದರೆ ಈ ಲೆಕ್ಕ ನಡೆಯಲ್ಲ. ದೂರ ಜಾಸ್ತಿಯಾದ ಹಾಗೆ ತುಂಡುಗಳಿಗೆ ಜೋಡಿಯೇ ಸಿಗುವುದಿಲ್ಲ, ಸಿಕ್ಕಿದ್ದರ ಸರಾಸರಿಗೂ ಅರ್ಥವಿರುವುದಿಲ್ಲ. ಡಿಎನ್‌ಎ ಅಕ್ಷರ ಬದಲಾದರೂ ಎಷ್ಟೋ ಸಲ ಪ್ರೋಟೀನ್ ಹಾಗೇ ಉಳಿಯುತ್ತದೆ. ಆದ್ದರಿಂದ ಹಳೆಯ ಸಂಬಂಧ ಹುಡುಕಲು ಪ್ರೋಟೀನಿಗೇ ಹೋಗಬೇಕು. 2016ರ ತಂಡ 1,548 ಪ್ರೋಟೀನ್‌ಗಳನ್ನು ಸೇರಿಸಿ ಮರ ಕಟ್ಟಿತು. ಜೊತೆಗೆ ಇನ್ನೊಂದು ಸಾಕ್ಷಿಯನ್ನೂ ಹುಡುಕಿತು: ಒಂದು ಪ್ರೋಟೀನಿನ ಒಂದೇ ಜಾಗದಲ್ಲಿ, ಒಂದು ಗುಂಪಿನವಕ್ಕೆ ಮಾತ್ರ ಒಂದೆರಡು ಅಮೈನೋ ಆಮ್ಲ ಹೆಚ್ಚಾಗಿಯೋ ಕಡಿಮೆಯಾಗಿಯೋ ಇರುವುದು. ಅಂಥ ಗುರುತು ಒಬ್ಬ ಪೂರ್ವಜನಿಂದಲೇ ಬಂದಿರುವ ಸಂಭವ ಹೆಚ್ಚು. ಎರಡೂ ಸಾಕ್ಷಿ ಕೂಡಿಬಂದ ಕಡೆ ಗೆರೆ ಎಳೆದರು. ಎಲ್ಲವನ್ನೂ ಎಂಟರೋಬ್ಯಾಕ್ಟರೇಲ್ಸ್ ಎಂಬ ಗಣದಡಿ (ಕುಟುಂಬಕ್ಕಿಂತ ಒಂದು ಹಂತ ಮೇಲಿನದು) ಇಟ್ಟು ಏಳು ಕುಟುಂಬ ಮಾಡಿದರು. ಪ್ರೋಟಿಯಸ್ ಮಾರ್ಗನೆಲ್ಲೇಸಿಗೆ ಹೋಯಿತು, ಸೆರೇಶಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಯೆರ್ಸಿನಿಯೇಸಿಗೆ.

ಎರಡೇ ವರ್ಷಕ್ಕೆ, 2018ರಲ್ಲಿ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಇನ್ನೊಂದು ಲೆಕ್ಕ ಮುಂದಿಟ್ಟರು. ಅದರ ಹೆಸರು ಜಿಟಿಡಿಬಿ, ಅಂದರೆ ಜೀನೋಮ್ ಟ್ಯಾಕ್ಸಾನಮಿ ಡೇಟಾಬೇಸ್. 120 ಪ್ರೋಟೀನ್ ಬಳಸಿ, 94,759 ಜೀನೋಮ್‌ಗಳ ಒಂದೇ ಮರ. ಬುಡಕ್ಕೆ ಸೊನ್ನೆ, ತುದಿಗೆ ಒಂದು ಅಂತ ಅಳತೆ ಕೊಟ್ಟು, ಎಲ್ಲ ಕುಟುಂಬಗಳೂ ಆಸುಪಾಸು ಒಂದೇ ಎತ್ತರದಲ್ಲಿ ಕವಲೊಡೆದಿರಬೇಕು ಎಂಬ ನಿಯಮ ಮಾಡಿಕೊಂಡರು. ಆ ಅಳತೆಯಲ್ಲಿ ಯೆರ್ಸಿನಿಯಾ, ಪ್ರೋಟಿಯಸ್, ಇ. ಕೋಲಿ ಎಲ್ಲ ಮತ್ತೆ ಒಂದೇ ಎಂಟರೋಬ್ಯಾಕ್ಟೀರಿಯೇಸಿ! ಕಾಲರಾದ ವಿಬ್ರಿಯೋ ಕುಟುಂಬವೂ ಅದೇ ಗಣಕ್ಕೆ ಬಂದು ಸೇರಿತು.

ಎರಡೂ ಕಡೆಯವರು ನೋಡಿದ್ದು ಜೀನೋಮನ್ನೇ. ಯೆರ್ಸಿನಿಯಾಕ್ಕೆ ಸೆರೇಶಿಯಾ ಹತ್ತಿರ, ಇ. ಕೋಲಿಗೆ ಸಾಲ್ಮೊನೆಲ್ಲಾ ಹತ್ತಿರ ಎಂಬುದರಲ್ಲಿ ತಕರಾರಿಲ್ಲ. ತಕರಾರು ಇರುವುದು ಮರವನ್ನು ಎಷ್ಟು ಎತ್ತರದಲ್ಲಿ ಕತ್ತರಿಸಬೇಕು ಎಂಬುದರಲ್ಲಿ. ಅದನ್ನು ಯಾವ ಜೀನೋಮೂ ಬರೆದುಕೊಟ್ಟಿಲ್ಲ, ಅದು ನಾವು ಮಾಡಿಕೊಳ್ಳುವ ಒಪ್ಪಂದ. ನನಗೆ ಕೇಳಿದರೆ ಎಲ್ಲೆಡೆ ಒಂದೇ ಎತ್ತರ ಎನ್ನುವ ಜಿಟಿಡಿಬಿಯ ಹಟ ಸರಿ ಅನಿಸುತ್ತದೆ. ಕನಿಷ್ಠ ಅಳತೆಗೋಲು ಏನು ಅಂತ ಎಲ್ಲರಿಗೂ ಕಾಣುತ್ತದೆ. ಆದರೆ ಅಧಿಕೃತ ಹೆಸರುಗಳ ಪಟ್ಟಿಯಲ್ಲಿ ಇರುವುದು ಪಾಲಾದ ಬೇರೆ ಬೇರೆ ಕುಟುಂಬಗಳೇ.

ಆಸ್ಪತ್ರೆಗಳಿಗೆ ಇದರ ಬಿಸಿ ತಟ್ಟಿತು. ಕಾರ್ಬಪೆನೆಮ್ ಎಂಬ ಆಂಟಿಬಯೋಟಿಕ್‌ಗೆ ಬಗ್ಗದ ಈ ಕುಟುಂಬದ ಬ್ಯಾಕ್ಟೀರಿಯಾಗಳನ್ನು ಸಿಆರ್‌ಇ (ಕಾರ್ಬಪೆನೆಮ್ ರೆಸಿಸ್ಟೆಂಟ್ ಎಂಟರೋಬ್ಯಾಕ್ಟೀರಿಯೇಸಿ) ಅಂತ ಲೆಕ್ಕ ಇಡುತ್ತಿದ್ದರು. ಕುಟುಂಬ ಒಡೆದ ಮೇಲೆ ಸೆರೇಶಿಯಾ, ಪ್ರೋಟಿಯಸ್ ಲೆಕ್ಕದಿಂದ ಜಾರಿಬಿಡುತ್ತಿದ್ದವು. ಆದ್ದರಿಂದ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಸಿಆರ್‌ಇ ಎಂಬ ಚುಟುಕು ಹೆಸರನ್ನು ಉಳಿಸಿಕೊಂಡು, ಕುಟುಂಬದ ಬದಲು ಗಣದ ಹೆಸರು ಹಾಕಿಕೊಂಡಿತು.

ಎಲ್ಲ ಕಡೆ ಒಡೆಯುವುದೇ ನಡೆದಿಲ್ಲ. 2020ರಲ್ಲಿ ಮೊಸರಿನಂಥವುಗಳಲ್ಲಿ ಸಿಗುವ ಲ್ಯಾಕ್ಟೋಬ್ಯಾಸಿಲಸ್ ಕುಲ (ಕುಟುಂಬಕ್ಕಿಂತ ಒಂದು ಹಂತ ಕೆಳಗಿನದು) 25 ಕುಲಗಳಾಗಿ ಚೂರಾಯಿತು. ಅದೇ ಲೇಖನದಲ್ಲಿ ಲ್ಯೂಕೊನೋಸ್ಟೊಕೇಸಿ ಕುಟುಂಬವನ್ನು ಲ್ಯಾಕ್ಟೋಬ್ಯಾಸಿಲೇಸಿಯೊಳಗೆ ವಿಲೀನ ಮಾಡಿದರು. ಹೊಸ ಕುಲಗಳ ಹೆಸರೆಲ್ಲ ಎಲ್ ಅಕ್ಷರದಿಂದಲೇ ಶುರುವಾಗುವಂತೆ ನೋಡಿಕೊಂಡದ್ದು ಜಾಣತನ. 'ಎಲ್. ಕೇಸಿ' ಈಗಲೂ 'ಎಲ್. ಕೇಸಿ'ಯೇ.

ಇನ್ನು ಲ್ಯಾಬಿನಲ್ಲಿ ಬೆಳೆಸಲಾಗದ ಬ್ಯಾಕ್ಟೀರಿಯಾಗಳದ್ದು ಬೇರೆಯೇ ಕಥೆ. ಮಣ್ಣು, ಸಮುದ್ರದ ನೀರಿನಿಂದ ನೇರವಾಗಿ ಡಿಎನ್‌ಎ ತೆಗೆದು ಜೋಡಿಸಿದ ಜೀನೋಮ್‌ಗಳೇ ಅವುಗಳ ಒಟ್ಟು ದಾಖಲೆ. ಹಳೆಯ ನಿಯಮದ ಪ್ರಕಾರ ಹೊಸ ಪ್ರಭೇದಕ್ಕೆ ಅಧಿಕೃತ ಹೆಸರು ಬೇಕಾದರೆ ಜೀವಂತ ಮಾದರಿಯನ್ನು ಎರಡು ದೇಶಗಳ ಸಂಗ್ರಹಾಲಯದಲ್ಲಿ ಇಡಬೇಕು. ಜೀನೋಮನ್ನೇ ಮಾದರಿಯಾಗಿ ಒಪ್ಪಬೇಕೆಂಬ ಪ್ರಸ್ತಾಪ 2020ರಲ್ಲಿ ಸೋತಿತು. ಅದನ್ನು ಒಪ್ಪದವರು 2022ರಲ್ಲಿ ಸೀಕ್‌ಕೋಡ್ ಎಂಬ ತಮ್ಮದೇ ನಿಯಮಾವಳಿ ತಂದರು. ಅಲ್ಲಿ ಜೀನೋಮ್ ಇದ್ದರೆ ಸಾಕು, ಪ್ರಭೇದದಿಂದ ಹಿಡಿದು ಕುಟುಂಬ ಮತ್ತು ಅದರ ಮೇಲಿನ ಹಂತಗಳವರೆಗೂ ಹೆಸರಿಡಬಹುದು. ಈಗ ಎರಡು ರಿಜಿಸ್ಟರುಗಳು ಅಕ್ಕಪಕ್ಕ ನಡೆಯುತ್ತಿವೆ.