ಎರಡು ಲೈನ್ ಇದ್ದರೂ ವಿದೇಶದ ಕಚೇರಿಗಳ ನೆಟ್‌ವರ್ಕ್ ಏಕೆ ನಿಲ್ಲುತ್ತದೆ?

ಪ್ರಶ್ನೆ: ನಮ್ಮ ಕಂಪನಿ ನಾಲ್ಕು ದೇಶಗಳಲ್ಲಿ ಕಚೇರಿ ತೆರೆದಿದೆ. ಪ್ರತಿ ಕಚೇರಿಗೂ ಇಬ್ಬರು ಬೇರೆ ಬೇರೆ ಪ್ರೊವೈಡರ್‌ಗಳಿಂದ ಇಂಟರ್ನೆಟ್ ಲೈನ್ ಹಾಕಿಸಿ, ಮುಖ್ಯ ಕಚೇರಿಗೆ ವಿಪಿಎನ್ (ಇಂಟರ್ನೆಟ್ ಮೂಲಕವೇ ಹೋಗುವ ಸುರಕ್ಷಿತ ಖಾಸಗಿ ಸಂಪರ್ಕ) ಜೋಡಿಸಿದ್ದೇವೆ. ಆದರೂ ಆಗಾಗ ಕೆಲಸ ನಿಲ್ಲುತ್ತದೆ, ಉಳಿದ ಹೊತ್ತು ನಿಧಾನ. ಇನ್ನೂ ಹೆಚ್ಚಿನ ಎಂಬಿಪಿಎಸ್‌ನ ಲೈನ್ ತೆಗೆದುಕೊಳ್ಳಬೇಕೆ?

ಉತ್ತರ: ಬೇಡ, ಈಗಲೇ ಬೇಡ. ಮೊದಲು ಆ ಎರಡು ಲೈನ್‌ಗಳು ನಿಜಕ್ಕೂ ಬೇರೆ ಬೇರೆಯೇ ಎಂದು ನೋಡಿ.

99.5% ಲಭ್ಯತೆಯ ಒಂದು ಲೈನ್ ವರ್ಷಕ್ಕೆ ಸುಮಾರು 44 ಗಂಟೆ ಕೆಟ್ಟಿರುತ್ತದೆ. ಅಂಥ ಎರಡು ಲೈನ್‌ಗಳು ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುವುದಾದರೆ, ಎರಡೂ ಒಟ್ಟಿಗೆ ಇಲ್ಲವಾಗುವ ಸಮಯ ವರ್ಷಕ್ಕೆ ಬರೀ 13 ನಿಮಿಷ. ಆದರೆ ಕಟ್ಟಡದೊಳಕ್ಕೆ ಎರಡೂ ಫೈಬರ್ ಒಂದೇ ಪೈಪಿನಲ್ಲಿ ಬಂದಿದ್ದರೆ ಈ ಲೆಕ್ಕವೇ ಸುಳ್ಳು. ರಸ್ತೆ ಅಗೆಯುವ ಜೆಸಿಬಿ ಒಮ್ಮೆ ಕೈಯಿಟ್ಟರೆ ಎರಡೂ ಹೋಗುತ್ತವೆ, ಜೋಡಿಸಲು ಹತ್ತು ಗಂಟೆ ಹಿಡಿದರೆ, ಆ 13 ನಿಮಿಷದ ಲೆಕ್ಕದಲ್ಲಿ ನಲವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಆಗಬೇಕಿದ್ದ ನಿಲುಗಡೆ ಒಂದೇ ದಿನದಲ್ಲಿ ಆಗಿಬಿಡುತ್ತದೆ. ಬಿಲ್ಲಿನ ಮೇಲೆ ಎರಡು ಹೆಸರಿದ್ದರೆ ಸಾಲದು. ಕೊನೆಯ ಒಂದೆರಡು ಕಿ.ಮೀ. ತಂತಿಯನ್ನು ಎರಡನೆಯವರು ಮೊದಲನೆಯವರಿಂದಲೇ ಬಾಡಿಗೆ ಪಡೆದಿರುವುದು ತೀರ ಸಾಮಾನ್ಯ.

ಹಾಗಾಗಿ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕಟ್ಟಡದ ಗೋಡೆಯಿಂದ ಪ್ರೊವೈಡರ್‌ನ ಎಕ್ಸ್‌ಚೇಂಜ್‌ವರೆಗಿನ (ಲೈನ್‌ಗಳೆಲ್ಲ ಸೇರುವ ಅವರ ಕೇಂದ್ರದವರೆಗಿನ) ಫೈಬರ್ ಮಾರ್ಗದ ನಕ್ಷೆ ಕೇಳಿ. ಎರಡು ನಕ್ಷೆಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿ. ದತ್ತಾಂಶ ಸಾಗುವ ದಾರಿಯನ್ನು ತೋರಿಸುವ ಟ್ರೇಸ್‌ರೂಟ್ ಎಂಬ ಆಜ್ಞೆ ಇದಕ್ಕೆ ಉಪಯೋಗವಿಲ್ಲ, ಅದು ರೂಟರ್‌ಗಳನ್ನು ತೋರಿಸುತ್ತದೆಯೇ ಹೊರತು ನೆಲದಡಿಯ ಪೈಪನ್ನಲ್ಲ. ನಕ್ಷೆ ಕೊಡಲು ಒಪ್ಪದಿದ್ದರೆ ಎರಡನೇ ಲೈನನ್ನು ಬೇರೆ ಮಾಧ್ಯಮದಲ್ಲಿ ಪಡೆಯಿರಿ: ಮೈಕ್ರೋವೇವ್ ಅಥವಾ 5ಜಿ. ಮೊಬೈಲ್ ಟವರ್‌ನ ಹಿಂದೆಯೂ ಫೈಬರ್ ಇರುತ್ತದೆ ಎಂಬುದು ನೆನಪಿರಲಿ.

ದೇಶಗಳ ನಡುವೆ ಇದೇ ಕಥೆ ಸಮುದ್ರದಡಿಯಲ್ಲಿ ಮರುಕಳಿಸುತ್ತದೆ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಕೇಬಲ್‌ಗಳು ಕೆಟ್ಟಾಗ ಮಧ್ಯಪ್ರಾಚ್ಯ, ಭಾರತಗಳ ಇಂಟರ್ನೆಟ್ ಕುಂಟಿತು. 2024ರ ಮಾರ್ಚ್ 14ರಂದು ಐವರಿ ಕೋಸ್ಟ್ ತೀರದಾಚೆ ವಾಕ್ಸ್, ಮೇನ್‌ವನ್, ಏಸ್, ಸ್ಯಾಟ್-3 ಎಂಬ ನಾಲ್ಕು ಕೇಬಲ್‌ಗಳು ಒಟ್ಟಿಗೆ ತುಂಡಾದವು. ರಿಪೇರಿಗೆ ವಿಶೇಷ ಹಡಗೇ ಬರಬೇಕು, ವಾರಗಳು ಹಿಡಿಯುತ್ತವೆ. ಆದ್ದರಿಂದ ನಿಮ್ಮ ದತ್ತಾಂಶ ಯಾವ ಕೇಬಲ್‌ನಲ್ಲಿ ಹೋಗುತ್ತದೆ, ಯಾವ ತೀರದಲ್ಲಿ ಇಳಿಯುತ್ತದೆ ಎಂಬುದನ್ನು ಇಬ್ಬರು ಪ್ರೊವೈಡರ್‌ಗಳಿಂದಲೂ ಬರಹದಲ್ಲಿ ಪಡೆಯಿರಿ. ಇಬ್ಬರ ಉತ್ತರವೂ ಒಂದೇ ಆಗಿದ್ದರೆ ನಿಮ್ಮ ಬಳಿ ಇರುವುದು ಒಂದೇ ಲೈನ್.

ಮಾರ್ಗ ಬೇರೆಯಿದ್ದೂ ಕೆಲಸ ನಿಂತರೆ ತಪ್ಪು ಬಹುತೇಕ, ಲೈನ್ ಬದುಕಿದೆಯೇ ಎಂದು ರೂಟರ್ ಮಾಡುವ ತಪಾಸಣೆಯಲ್ಲಿರುತ್ತದೆ. ಹೆಚ್ಚಿನವರು ಪ್ರೊವೈಡರ್‌ನ ಗೇಟ್‌ವೇಗೆ (ಕಚೇರಿಯಿಂದ ಹೊರಟರೆ ಸಿಗುವ ಅವರ ಮೊದಲ ರೂಟರ್‌ಗೆ) ಪಿಂಗ್ ಮಾಡಿಸುತ್ತಾರೆ, ಅಂದರೆ ಉತ್ತರ ಬರುತ್ತದೆಯೇ ಎಂದು ಸಣ್ಣ ಸಂದೇಶ ಕಳಿಸುತ್ತಾರೆ. ಗೇಟ್‌ವೇ ಸಾಮಾನ್ಯವಾಗಿ ಇರುವುದು ಲೈನಿನ ಹತ್ತಿರದ ತುದಿಯಲ್ಲೇ; ಅದರಾಚೆ ಎಲ್ಲ ಕಡಿದುಹೋಗಿದ್ದರೂ ಅದು ಉತ್ತರ ಕೊಡುತ್ತಲೇ ಇರುತ್ತದೆ. ಹೊರಗಿನ ಮೂರು ವಿಳಾಸಗಳಿಗೆ ಸೆಕೆಂಡಿಗೊಮ್ಮೆ ಪಿಂಗ್ ಇರಲಿ: ಒಂದು ನಿಮ್ಮದೇ ಇನ್ನೊಂದು ಕಚೇರಿಯದು, ಎರಡು ಸಾರ್ವಜನಿಕ ಡಿಎನ್ಎಸ್‌ಗಳದು (ಜಾಲತಾಣದ ಹೆಸರಿಗೆ ಅದರ ವಿಳಾಸ ಹೇಳುವ ಸರ್ವರ್‌ಗಳು). ಮೂರರಲ್ಲಿ ಎರಡು ಸತತ ಐದು ಬಾರಿ ತಪ್ಪಿದರೆ ಲೈನ್ ಬದಲಾಗಲಿ. ವಾಪಸ್ ಬರುವಾಗ ಅವಸರ ಬೇಡ, ಐದು ನಿಮಿಷ ಸ್ಥಿರವಾಗಿದ್ದರೆ ಮಾತ್ರ ಬರಲಿ. ಇಲ್ಲದಿದ್ದರೆ ಅರ್ಧಂಬರ್ಧ ಕೆಟ್ಟ ಲೈನಿನಿಂದಾಗಿ ನೆಟ್‌ವರ್ಕ್ ಆಚೀಚೆ ಜಿಗಿಯುತ್ತಾ ಎಲ್ಲರ ಕರೆಗಳೂ ಕಡಿಯುತ್ತವೆ. ಇನ್ನೊಂದು ಸೂಕ್ಷ್ಮ: ಪ್ರತಿ ಲೈನಿನ ಪಿಂಗ್ ಆ ಲೈನಿನ ಮೂಲಕವೇ ಹೋಗುವಂತೆ ಸ್ಟ್ಯಾಟಿಕ್ ರೂಟ್‌ನಿಂದ (ರೂಟರ್‌ನಲ್ಲಿ ಕೈಯಾರೆ ಬರೆದಿಟ್ಟ ದಾರಿಯಿಂದ) ಕಟ್ಟಿಹಾಕಬೇಕು. ಕಟ್ಟದಿದ್ದರೆ ಸತ್ತ ಲೈನಿನ ಪಿಂಗ್ ಬದುಕಿರುವ ಲೈನಿನಿಂದ ಹೊರಟು ಎಲ್ಲವೂ ಸರಿಯಿದೆ ಎಂದು ವರದಿ ಕೊಡುತ್ತದೆ.

ಕೆಲವೊಮ್ಮೆ ಲೈನ್ ಬದಲಾದ ಮೇಲೆ ಪಿಂಗ್ ಹೋಗುತ್ತದೆ, ಲಾಗಿನ್ ಪುಟ ತೆರೆಯುತ್ತದೆ, ಆದರೆ ಫೈಲ್ ಅಪ್‌ಲೋಡ್ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ಈ ಲಕ್ಷಣ ಕಂಡರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ (ದತ್ತಾಂಶದ ತುಣುಕಿನ) ಗರಿಷ್ಠ ಗಾತ್ರ ನೋಡಿ. ಈಥರ್ನೆಟ್‌ನಲ್ಲಿ ಅದು ಸಾಮಾನ್ಯವಾಗಿ 1500 ಬೈಟ್, ಬಳಕೆದಾರ ಹೆಸರು-ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಒಇ ಲೈನಿನಲ್ಲಿ 1492. ವಿಪಿಎನ್‌ ಪ್ರತಿ ಪ್ಯಾಕೆಟ್‌ಗೆ ಸುತ್ತುವ ಐಪಿಸೆಕ್ ಎಂಬ ಸುರಕ್ಷತಾ ಹೊದಿಕೆ ಇನ್ನೂ ಕೆಲವು ಹತ್ತು ಬೈಟ್ ತಿನ್ನುತ್ತದೆ. ದೊಡ್ಡ ಪ್ಯಾಕೆಟ್ ಹಿಡಿಸದಾಗ ಮಧ್ಯದ ರೂಟರ್ ಐಸಿಎಂಪಿ ಎಂಬ ಸೂಚನಾ ಸಂದೇಶದ ಮೂಲಕ ತಿಳಿಸಬೇಕು, ಆದರೆ ಯಾವುದೋ ಫೈರ್‌ವಾಲ್ ಆ ಸಂದೇಶವನ್ನು ತಡೆದಿರುತ್ತದೆ. ಟನಲ್‌ನ (ವಿಪಿಎನ್ ಸಂಪರ್ಕದ) ಎಂಟಿಯು 1400, ಟಿಸಿಪಿಯ ಎಂಎಸ್ಎಸ್ (ಪ್ಯಾಕೆಟ್‌ನೊಳಗೆ ಹಿಡಿಸುವ ದತ್ತಾಂಶದ ಮಿತಿ) 1360 ಎಂದು ಎರಡೂ ತುದಿಯಲ್ಲಿ ಇಟ್ಟರೆ ಬಹುತೇಕ ಎಲ್ಲ ಲೈನ್‌ಗಳಲ್ಲೂ ನಡೆಯುತ್ತದೆ.

ಇನ್ನು ನಿಧಾನದ ವಿಷಯ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. 10,000 ಕಿ.ಮೀ. ದೂರದ ಕಚೇರಿಗೆ ಹೋಗಿಬರಲು ಕನಿಷ್ಠ 100 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್ ನೇರವಾಗಿ ಹೋಗುವುದಿಲ್ಲವಾದ್ದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಒಂದು ಫೈಲ್ ತೆರೆಯಲು ಸರ್ವರ್‌ನೊಂದಿಗೆ 200 ಬಾರಿ ಹೋಗಿಬರುವ ತಂತ್ರಾಂಶವಿದ್ದರೆ ಅದಕ್ಕೆ 20 ಸೆಕೆಂಡ್ ಬೇಕು. ನೀವು ಎಷ್ಟೇ ಎಂಬಿಪಿಎಸ್ ಕೊಂಡರೂ ಆ 20 ಸೆಕೆಂಡ್ ಕಡಿಮೆಯಾಗದು. ಟಿಸಿಪಿ ವಿಂಡೋ (ಉತ್ತರಕ್ಕೆ ಕಾಯದೆ ಒಮ್ಮೆಗೆ ಕಳಿಸಬಹುದಾದ ದತ್ತಾಂಶ) 64 ಕಿಲೋಬೈಟ್‌ಗೇ ನಿಂತಿರುವ ಹಳೆಯ ಸಾಧನವಾದರೆ, ಇದೇ ದೂರದಲ್ಲಿ ಒಂದು ಸಂಪರ್ಕಕ್ಕೆ ಸಿಗುವುದು ಸುಮಾರು 5 ಎಂಬಿಪಿಎಸ್. ಲೈನ್ 1 ಜಿಬಿಪಿಎಸ್ ಆಗಿದ್ದರೂ ಅಷ್ಟೇ. ಇದಕ್ಕೆ ಪರಿಹಾರ ದತ್ತಾಂಶವನ್ನು ಬಳಸುವವರ ಹತ್ತಿರಕ್ಕೆ ತರುವುದು.

ನಿಮ್ಮ ವಿನ್ಯಾಸದಲ್ಲಿ ನಮಗೆ ಹೆಚ್ಚು ಚಿಂತೆ ತರುವುದು ಎಲ್ಲ ಟನಲ್‌ಗಳೂ ಒಂದೇ ಮುಖ್ಯ ಕಚೇರಿಗೆ ಬರುತ್ತಿರುವುದು. ಅಲ್ಲಿ ಕರೆಂಟ್ ಹೋದರೆ ನಾಲ್ಕೂ ದೇಶಗಳಲ್ಲಿ ಕೆಲಸ ನಿಲ್ಲುತ್ತದೆ. ದೂರದೂರದ ಎರಡು ಊರುಗಳ ಡೇಟಾ ಸೆಂಟರ್‌ಗಳಲ್ಲಿ ಎರಡು ಹಬ್ (ಟನಲ್‌ಗಳು ಸೇರುವ ಕೇಂದ್ರ) ಮಾಡಿ, ಪ್ರತಿ ಶಾಖೆಯ ಪ್ರತಿ ಲೈನಿನಿಂದ ಎರಡೂ ಹಬ್‌ಗೆ ಟನಲ್ ಎಳೆಯಿರಿ. ಶಾಖೆಗೆ ನಾಲ್ಕು ಟನಲ್ ಆಗುತ್ತದೆ. ವಿಡಿಯೋ ಕರೆ, ಇಮೇಲ್‌ನಂಥ ಕ್ಲೌಡ್ ಸೇವೆಗಳು ಆಯಾ ದೇಶದಲ್ಲೇ ನೇರವಾಗಿ ಇಂಟರ್ನೆಟ್‌ಗೆ ಇಳಿಯಲಿ. ಡಿಎನ್ಎಸ್ ಮತ್ತು ಲಾಗಿನ್ ಸರ್ವರ್ ಮುಖ್ಯ ಕಚೇರಿಯಲ್ಲಿ ಮಾತ್ರ ಇದ್ದರೆ ಇವೆಲ್ಲ ಇದ್ದೂ ವ್ಯರ್ಥ, ಅವುಗಳ ಪ್ರತಿಯೂ ಎರಡೂ ಕಡೆ ಇರಬೇಕು.

ಕಚೇರಿಗಳೊಳಗಿನ ಸಾಧನಗಳ ಐಪಿ ವಿಳಾಸಗಳನ್ನು ಈಗಲೇ ಹಂಚಿಬಿಡಿ. 10.0.0.0/8ರಲ್ಲಿ (ಇಲ್ಲಿ / ನಂತರದ ಅಂಕಿ ದೊಡ್ಡದಾದಷ್ಟೂ ವಿಳಾಸಗಳ ಗುಂಪು ಚಿಕ್ಕದು) ದೇಶಕ್ಕೊಂದು /16, ಕಚೇರಿಗೊಂದು /20 ಕೊಟ್ಟರೆ ದೇಶಕ್ಕೆ 16 ಕಚೇರಿಗಳು ಹಿಡಿಸುತ್ತವೆ. 192.168.1.0 ಬೇಡ, ಮನೆಯಿಂದ ಕೆಲಸ ಮಾಡುವವರ ರೂಟರ್‌ನಲ್ಲೂ ಬಹಳ ಬಾರಿ ಅದೇ ಇದ್ದು ವಿಳಾಸಗಳು ಘರ್ಷಿಸುತ್ತವೆ. ಆರ್ಡರ್ ಮಾಡುವಾಗಲೇ ಸ್ಟ್ಯಾಟಿಕ್ ಪಬ್ಲಿಕ್ ಐಪಿ (ಬದಲಾಗದ, ಹೊರಗಿನಿಂದ ತಲುಪಬಹುದಾದ ವಿಳಾಸ) ಕೇಳಿ; 100.64ರಿಂದ 100.127ರೊಳಗಿನ ವಿಳಾಸ ಬಂದರೆ ಅದು ಪ್ರೊವೈಡರ್‌ನ ಒಳಬಳಕೆಯ ಹಂಚಿಕೆ ವಿಳಾಸ, ಹೊರಗಿನಿಂದ ಅದಕ್ಕೆ ಟನಲ್ ಕಟ್ಟಲಾಗದು.

ಕಾನೂನನ್ನೂ ಮೊದಲೇ ವಿಚಾರಿಸಿ. ಚೀನಾದಲ್ಲಿ ಗಡಿ ದಾಟುವ ಖಾಸಗಿ ಲೈನನ್ನು ಪರವಾನಗಿ ಇರುವ ಟೆಲಿಕಾಂ ಕಂಪನಿಗಳಿಂದಲೇ ಪಡೆಯಬೇಕು. ಗೂಢಲಿಪೀಕರಣ (ಎನ್‌ಕ್ರಿಪ್ಶನ್) ಇರುವ ಉಪಕರಣ ಕೆಲವು ದೇಶಗಳ ಕಸ್ಟಮ್ಸ್‌ನಲ್ಲಿ ವಾರಗಟ್ಟಲೆ ಕೂರುತ್ತದೆ. ಅದಕ್ಕೇ ಪ್ರತಿ ದೇಶದೊಳಗೆ ಅದೇ ಮಾದರಿಯ ಒಂದು ರೂಟರ್, ಕಾನ್ಫಿಗರೇಶನ್ ಹಾಕಿಟ್ಟ ಸ್ಥಿತಿಯಲ್ಲಿ, ಬೀರುವಿನಲ್ಲಿರಬೇಕು. ಜೊತೆಗೆ ಮುಖ್ಯ ರೂಟರ್‌ನ ಕನ್ಸೋಲ್ ಪೋರ್ಟ್‌ಗೆ (ನೆಟ್‌ವರ್ಕ್ ಇಲ್ಲದಾಗಲೂ ರೂಟರನ್ನು ನಿರ್ವಹಿಸುವ ಕಿಂಡಿಗೆ) ಪ್ರತ್ಯೇಕ ಸಿಮ್ ಇರುವ ಸಣ್ಣ 4ಜಿ ಸಾಧನ ಜೋಡಿಸಿ. ಎರಡೂ ಲೈನ್ ಹೋದಾಗ ದೂರದ ಇಂಜಿನಿಯರ್‌ಗೆ ಒಳಹೋಗಲು ಉಳಿಯುವ ದಾರಿ ಅದೊಂದೇ.

ಕೊನೆಗೆ ಮೂರು ತಿಂಗಳಿಗೊಮ್ಮೆ, ಜನ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ, ಮೊದಲೇ ತಿಳಿಸಿ, ಒಂದು ಲೈನಿನ ಕೇಬಲ್ ಎಳೆಯಿರಿ. ಕರೆ ಎಷ್ಟು ಸೆಕೆಂಡ್ ನಿಂತಿತು, ದೊಡ್ಡ ಫೈಲ್ ಹೋಯಿತೇ, ಪ್ರಿಂಟರ್, ಟೆಲಿಫೋನ್‌ಗಳು ಮರಳಿದವೇ ಎಂದು ಬರೆದಿಡಿ. ನಂತರ ಪ್ರೊವೈಡರ್‌ನ ಪೆಟ್ಟಿಗೆಗೆ ಕೇಬಲ್ ಚುಚ್ಚಿರುವಂತೆಯೇ ಬಿಟ್ಟು, ಅದರಾಚೆಯ ಸಂಪರ್ಕವನ್ನು ಮಾತ್ರ ಕಡಿದು ಇದೇ ಪರೀಕ್ಷೆ ಮಾಡಿ. ಮೊದಲನೆಯದರಲ್ಲಿ ಪಾಸಾಗುವ ಎಷ್ಟೋ ಕಚೇರಿಗಳು ಎರಡನೆಯದರಲ್ಲಿ ಸೋಲುತ್ತವೆ, ಮತ್ತು ನಿಜವಾದ ಕೆಡುಕುಗಳು ಹೆಚ್ಚಾಗಿ ಎರಡನೆಯ ಬಗೆಯವೇ.