ಸ್ವಂತ ಆಪರೇಟರಿನಲ್ಲಿ ವೇರಿಯಬಲ್ಲನ್ನು ಎಲ್ಲಿ ಇಡಬೇಕು?

ಆರ್‌ಎಕ್ಸ್‌ಜೆಎಸ್‌ನಲ್ಲಿ (RxJS ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ) ಆಪರೇಟರ್ ಎಂದರೆ ಒಂದು ಅಬ್ಸರ್ವಬಲನ್ನು, ಅಂದರೆ ಮೌಲ್ಯಗಳನ್ನು ಒಂದೊಂದಾಗಿ ಕೊಡುತ್ತ ಹೋಗುವ ಸ್ಟ್ರೀಮನ್ನು, ಪಡೆದು ಇನ್ನೊಂದನ್ನು ಹಿಂತಿರುಗಿಸುವ ಫಂಕ್ಷನ್. 2017ರ 5.5ನೇ ಆವೃತ್ತಿಯಲ್ಲಿ ಆಪರೇಟರುಗಳನ್ನು ಸಾಲಾಗಿ ಜೋಡಿಸುವ ಈಗಿನ ಪೈಪ್ ಪದ್ಧತಿ ಬಂದ ಮೇಲೆ ಅದನ್ನು ಬರೆಯಲು ಎಲ್ಲ ಅಬ್ಸರ್ವಬಲುಗಳೂ ಹಂಚಿಕೊಳ್ಳುವ ಪ್ರೊಟೊಟೈಪಿಗೆ ಕೈಹಾಕಬೇಕಾಗಿಲ್ಲ. ಮ್ಯಾಪ್, ಫಿಲ್ಟರ್ ಮುಂತಾದ ಸಿದ್ಧ ಆಪರೇಟರುಗಳು ಎಲ್ಲರಿಗೂ ಗೊತ್ತಿರುವುದರಿಂದ, ನಾನು ಎರಡು ಸಂಜೆ ತಡವರಿಸಿದ ಜಾಗಕ್ಕೇ ಬರುತ್ತೇನೆ.

ಮಲ್ಪೆ ಬಂದರಿನ ಹರಾಜನ್ನು ನೆನೆದು, ಬಂಗುಡೆಯ ದರಗಳ ಒಂದು ಕಲ್ಪಿತ ಸ್ಟ್ರೀಮ್ ಮಾಡಿಕೊಂಡಿದ್ದೆ: 180, 200, 190, 220. ಅದುವರೆಗಿನ ಗರಿಷ್ಠವನ್ನು ಮೀರಿದ ದರವನ್ನಷ್ಟೇ ಮುಂದಕ್ಕೆ ಬಿಡುವ ಆಪರೇಟರ್ ನನಗೆ ಬೇಕಿತ್ತು. ಮೊದಲ ಸಲ ಸಬ್‌ಸ್ಕ್ರೈಬ್ ಮಾಡಿದಾಗ, ಅಂದರೆ ಸ್ಟ್ರೀಮನ್ನು ಕೇಳತೊಡಗಿದಾಗ, 180, 200, 220 ಸರಿಯಾಗಿ ಬಂದವು. ಎರಡನೆಯ ಸಲ ಒಂದು ದರವೂ ಬರಲಿಲ್ಲ, ದೋಷದ ಸೂಚನೆಯೂ ಇರಲಿಲ್ಲ. ಸ್ಟ್ರೀಮ್ ಸುಮ್ಮನೆ ಮುಗಿದುಹೋಯಿತು.

ನನ್ನ ಆಪರೇಟರಿನಲ್ಲಿ ಒಂದರೊಳಗೊಂದು ಮೂರು ಫಂಕ್ಷನ್‌ಗಳಿವೆ. ಹೊರಗಿನದು ಆಪರೇಟರನ್ನು ಕರೆದಾಗಲೂ, ನಡುವಿನದು ಪೈಪ್ ಅದಕ್ಕೆ ಮೂಲ ಸ್ಟ್ರೀಮನ್ನು ಒಪ್ಪಿಸಿದಾಗಲೂ ಓಡುತ್ತವೆ. ಇವೆರಡೂ ಪೈಪನ್ನು ಕಟ್ಟುವಾಗ ಒಂದೇ ಸಲ ನಡೆಯುವ ಕೆಲಸಗಳು. ಹೊಸ ಅಬ್ಸರ್ವಬಲಿಗೆ ಕೊಡುವ ಒಳಗಿನ ಫಂಕ್ಷನ್ ಮಾತ್ರ ಪ್ರತಿ ಸಬ್‌ಸ್ಕ್ರೈಬಿಗೂ ಹೊಸದಾಗಿ ಓಡುತ್ತದೆ. ನಾನು ಗರಿಷ್ಠದ ವೇರಿಯಬಲ್ಲನ್ನು ನಡುವಿನದರಲ್ಲಿ ಇಟ್ಟಿದ್ದರಿಂದ, ಮೊದಲು ಕೇಳಿದವನು ಬಿಟ್ಟುಹೋದ 220 ಎರಡನೆಯವನಿಗೆ ಆರಂಭದ ಗರಿಷ್ಠವಾಯಿತು. ಹರಾಜಿನಲ್ಲಿ ಒಬ್ಬ ವ್ಯಾಪಾರಿ ಬರೆದು ಮುಗಿಸಿದ ಚೀಟಿಯನ್ನೇ ಮುಂದಿನವನ ಕೈಗಿತ್ತಂತೆ. ಸ್ಟ್ರೀಮ್ ಮುಗಿದಾಗ ವೇರಿಯಬಲ್ಲನ್ನು ಸೊನ್ನೆಗಿಳಿಸುವ ತೇಪೆಯನ್ನೂ ಹಚ್ಚಿ ನೋಡಿದೆ. ಆದರೆ ಇಬ್ಬರು ಒಟ್ಟಿಗೆ, ದರಗಳನ್ನು ಸ್ವಲ್ಪ ಸ್ವಲ್ಪ ಹೊತ್ತಿಗೊಂದರಂತೆ ಕೊಡುವ ಟೈಮರ್ ಸ್ಟ್ರೀಮನ್ನು ಕೇಳುತ್ತಿದ್ದರೆ, ಮೊದಲನೆಯವನ ಪಾಲಿನ 200 ಗರಿಷ್ಠವನ್ನು ಏರಿಸಿಬಿಡುತ್ತದೆ, ಎರಡನೆಯವನ ಪಾಲಿನ ಅದೇ 200 ಅದನ್ನು ಮೀರದೆ ಬಿದ್ದುಹೋಗುತ್ತದೆ. ಘೋಷಣೆಯ ಸಾಲನ್ನು ಒಳಗಿನ ಫಂಕ್ಷನ್ನಿಗೆ ಸರಿಸಿದ್ದಷ್ಟೇ ನಿಜವಾದ ಪರಿಹಾರ.

ಒಳಗಿನ ಫಂಕ್ಷನ್ ದೋಷವನ್ನೂ ಮುಕ್ತಾಯವನ್ನೂ ಮುಂದಕ್ಕೆ ದಾಟಿಸಬೇಕು ಮತ್ತು ಮೂಲ ಸ್ಟ್ರೀಮಿನ ಸಬ್‌ಸ್ಕ್ರಿಪ್ಶನ್ನನ್ನು ಹಿಂತಿರುಗಿಸಬೇಕು. ಇಲ್ಲದಿದ್ದರೆ ಕೇಳುವವನು ಹೊರಟುಹೋದರೂ ಟೈಮರ್ ಓಡುತ್ತಲೇ ಇರುತ್ತದೆ.

ಇಷ್ಟೆಲ್ಲ ಬರೆದ ಮೇಲೆ ತಿಳಿದದ್ದೇನೆಂದರೆ, ಸ್ಕ್ಯಾನ್‌ನಲ್ಲಿ (ಹಿಂದಿನ ಫಲಕ್ಕೆ ಹೊಸ ಮೌಲ್ಯವನ್ನು ಸೇರಿಸಿ ಲೆಕ್ಕವನ್ನು ಮುಂದುವರಿಸುವ ಸಿದ್ಧ ಆಪರೇಟರ್) ಗರಿಷ್ಠವನ್ನು ಲೆಕ್ಕಹಾಕಿ ಅದರ ಬೆನ್ನಿಗೆ ಡಿಸ್ಟಿಂಕ್ಟ್‌ಅನ್‌ಟಿಲ್‌ಚೇಂಜ್ಡ್ ಇಟ್ಟರೆ ಎರಡೇ ಸಾಲಿನಲ್ಲಿ ಇದೇ ಫಲ ಸಿಗುತ್ತದೆ. 190 ಬಂದಾಗ ಸ್ಕ್ಯಾನ್ ಮತ್ತೆ 200 ಅನ್ನೇ ಕೊಡುತ್ತದೆ, ಎರಡನೆಯದು ಆ ಪುನರಾವೃತ್ತಿಯನ್ನು ತಡೆಯುತ್ತದೆ. ಸ್ಕ್ಯಾನ್ ತನ್ನ ಲೆಕ್ಕವನ್ನು ಪ್ರತಿ ಸಬ್‌ಸ್ಕ್ರೈಬಿಗೂ ಬೇರೆಯಾಗಿಯೇ ಇಡುತ್ತದೆ. ಆದರೆ ಆರಂಭಿಕ ಮೌಲ್ಯವಾಗಿ ಖಾಲಿ ಅರೇಯನ್ನು (ಪಟ್ಟಿಯನ್ನು) ಕೊಟ್ಟು ಅದಕ್ಕೇ ಪುಶ್ ಮಾಡುತ್ತ, ಅಂದರೆ ಮೌಲ್ಯಗಳನ್ನು ಸೇರಿಸುತ್ತ, ಹೋದರೆ, ಆ ಒಂದೇ ಅರೇ ಎಲ್ಲರ ಪಾಲಿಗೂ ಬಂದು ಹಳೆಯ ತೊಂದರೆ ಮರಳುತ್ತದೆ.